ಎಡಗೈಗೆ ಹೊಂದಿಸಿ ಕೊಟ್ಟ ಗಿಟಾರು

ಹೋದ ತಿಂಗಳು ತಂಗಿಯ ಮಗಳಿಗೆಂದು ತರಿಸಿದ ಗಿಟಾರು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಅವಳು ಶಾಲೆಯಿಂದ ಬರುವವರೆಗೂ ತಡೆಯಲಾರದೆ ನಾನೇ ಟೇಪು ಕತ್ತರಿಸಿ ಹೊರಗೆ ತೆಗೆದೆ. ತೆಗೆದವನು ಮೊದಲು ಮಾಡಿದ ಕೆಲಸವೆಂದರೆ ಗಿಟಾರಿನ ಎದೆಯ ಮೇಲಿನ ದುಂಡು ತೂತಿಗೆ ಮೂಗು ಹಚ್ಚಿ ಮೂಸಿದ್ದು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು. ಹೊಸ ಮರ, ವಾರ್ನಿಷು, ಒಣಗಿದ ಅಂಟು ಮೂರೂ ಕಲೆತ ವಾಸನೆ... ಅದು ಮೂಗಿಗೆ ಬಡಿದದ್ದೇ ತಡ, ಒಂಟಿಕೊಪ್ಪಲಿನ ಆ ಉದ್ದನೆಯ ಇಕ್ಕಟ್ಟು ವಾದ್ಯದ ಅಂಗಡಿ ಕಣ್ಣ ಮುಂದೆ ಬಂತು. ಅಂಗಡಿಯ ಅಕ್ಕನೂ ಬಂದರು.

ಗಿಟಾರನ್ನು ಮೂಸಿ ನೋಡಬೇಕೆಂದು ಹೇಳಿಕೊಟ್ಟವರು ಅವರೇ. "ಮುಗ್ಗಲು ವಾಸನೆ ಬಂದ್ರೆ ಮುಟ್ಲೇಬೇಡಿ. ನೀರು ಕುಡಿದಿರೋ ಮರ ಅದು. ಆರು ತಿಂಗಳಿಗೆ ಹೊಟ್ಟೆ ಉಬ್ಬಿಸ್ಕೊಂಡು ಕೂತ್ಕೊಳ್ಳುತ್ತೆ" ಎಂದಿದ್ದರು.

ಅವರ ಅಂಗಡಿಗೆ ಮೊದಲ ಸಲ ಹೋದಾಗ ನನಗೆ ಇಪ್ಪತ್ತಾರು ವರ್ಷ. ಮಂಡಿ ಮೊಹಲ್ಲಾದ ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಇಂಥವನ್ನು ಅಚ್ಚು ಹಾಕುತ್ತಿದ್ದ ಜಾಗ. ಕಾಗದ ಕತ್ತರಿಸುವ ಮಷೀನು ನನ್ನ ಪಾಲಿನದು. ಒಮ್ಮೆ ಯೋಗ ಕಲಿಸುವವರೊಬ್ಬರಿಗೆ ಕರಪತ್ರ ತಲುಪಿಸಲು ಗೋಕುಲಂ ಬಡಾವಣೆಗೆ ಹೋಗಿದ್ದೆ. ಅಲ್ಲಿ ಬಾಡಿಗೆ ಮನೆಯೊಂದರ ಮೆಟ್ಟಿಲ ಮೇಲೆ ವಿದೇಶದ ಹೆಂಗಸೊಬ್ಬರು ಕೂತು ಗಿಟಾರು ನುಡಿಸುತ್ತಿದ್ದರು. ದೊಡ್ಡ ವಿದ್ಯೆಯೇನಲ್ಲ. ಬೆರಳನ್ನು ಎರಡು ಮೂರು ಕಡೆ ಬದಲಿಸುತ್ತ ಮೇಲೆ ಕೆಳಗೆ ಮೀಟುತ್ತಿದ್ದರು ಅಷ್ಟೆ. ನಾನು ಕಟ್ಟನ್ನು ಹೆಗಲ ಮೇಲಿಟ್ಟುಕೊಂಡೇ ನಿಂತುಬಿಟ್ಟೆ. ಹಾಡುವ ಮನೆತನ ನಮ್ಮದಲ್ಲ, ಸಂಗೀತದ ಪಾಠ ಕೇಳಿದವನೂ ಅಲ್ಲ. ಆದರೂ ಅವತ್ತಿನಿಂದ ನನಗೊಂದು ಗಿಟಾರು ಬೇಕು ಅನ್ನಿಸಲು ಶುರುವಾಯಿತು.

ಅದು ಕೈಗೂಡುವ ಮೊದಲೇ ಕೈಗೇ ಕುತ್ತು ಬಂತು. ಮದುವೆ ಸೀಸನ್ನಿನ ಒಂದು ಮಧ್ಯಾಹ್ನ, ಅವಸರದಲ್ಲಿ, ಕಾಗದದ ಅಂಚು ಸರಿಮಾಡಲು ಎಡಗೈಯನ್ನು ಮಷೀನಿನ ಒಳಗಿಟ್ಟವನು ಬಲಗೈಯಲ್ಲಿ ಹಿಡಿಕೆ ಎಳೆದುಬಿಟ್ಟೆ. ತಪ್ಪು ನನ್ನದೇ. ನಡುಬೆರಳು, ಉಂಗುರ ಬೆರಳು ಎರಡರ ತುದಿಯ ಗೆಣ್ಣುಗಳೂ ಹೋದವು. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ "ಅಯ್ಯೋ ಪಾಪ" ಎಂಬ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ... ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಅಭ್ಯಾಸವಾಗಿಹೋಯಿತು.

ಹಾಗೆ ಜೇಬಿನಲ್ಲಿ ಕೈಯಿಟ್ಟುಕೊಂಡೇ ಒಂದು ದಿನ ಆ ಅಂಗಡಿ ಹೊಕ್ಕೆ. ಕೊಳ್ಳುವುದಕ್ಕಲ್ಲ. ಒಂದು ಸಲ ಹತ್ತಿರದಿಂದ ನೋಡಿ, ಆಸೆ ಬಿಟ್ಟು ಬರೋಣ ಅಂತ.

ಅಂಗಡಿ ಅಕ್ಕ ತಮ್ಮ ಇಬ್ಬರದು. ಅವರ ತಂದೆ ಶುರುಮಾಡಿದ್ದಂತೆ. ತಮ್ಮ ಮುಂದೆ ಗಲ್ಲಾದ ಹತ್ತಿರ ಕೂರುತ್ತಿದ್ದರು. ಅಕ್ಕ ಒಳಗಡೆ, ಹಾರ್ಮೋನಿಯಂ, ತಬಲಾಗಳ ನಡುವೆ ಗಿಡ್ಡ ಸ್ಟೂಲಿನ ಮೇಲೆ ಕೂತು ರಿಪೇರಿ ಮಾಡುತ್ತಿದ್ದರು. ಐವತ್ತು ದಾಟಿದ ಹೆಂಗಸು. ಹಣೆಯಲ್ಲಿ ತೆಳುವಾದ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಸೀರೆಯ ಮೇಲೊಂದು ಗಂಡಸರ ಹಳೇ ಶರ್ಟು. ತಮ್ಮ ನನ್ನನ್ನು ನೋಡಿದವರೇ ಫಳಫಳ ಹೊಳೆಯುವ ಕಪ್ಪು ಗಿಟಾರೊಂದನ್ನು ಗೋಡೆಯಿಂದ ಇಳಿಸಿದರು. ಅದರ ಒಂದು ಹೆಗಲನ್ನು ಸೊಗಸಾಗಿ ಬಗೆದು ತೆಗೆದಿದ್ದರು.

"ಹಿಡ್ಕೊಂಡು ನೋಡಿ ಸಾರ್."

ನಾನು ಬಲಗೈ ಮಾತ್ರ ಚಾಚಿದೆ. ಒಳಗಿನಿಂದ ಅಕ್ಕನ ದನಿ ಬಂತು. "ಆ ಇನ್ನೊಂದು ಕೈ ಆಚೆ ತೆಗೀರಿ."

ಯಾಕೆಂದು ಗೊತ್ತಿಲ್ಲ, ತೆಗೆದೆ. ಅವರು ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮುಖದಲ್ಲಿ ಮರುಕದ ಸುಳಿವೂ ಇರಲಿಲ್ಲ. ಹಾರ್ಮೋನಿಯಮ್ಮಿನ ಕೀಲಿ ಒತ್ತಿ ನೋಡಿದ ಹಾಗೇ ನೋಡಿದರು.

"ನೋವಿದ್ಯಾ?"

"ಇಲ್ಲ ಮೇಡಂ. ಚಳಿಯಲ್ಲಿ ಜುಂ ಅನ್ನುತ್ತೆ."

"ಮೇಡಂ ಗೀಡಂ ಬೇಡ ಬುಡಿ, ಅಕ್ಕ ಅನ್ನಿ. ಎಲ್ರೂ ಎಡಗೈಲಿ ತಂತಿ ಒತ್ತಿ ಬಲಗೈಲಿ ಮೀಟ್ತಾರೆ. ನೀವು ಬಲಗೈಲಿ ಒತ್ತಿ. ಮೀಟೋಕೆ ಹೆಬ್ಬೆರಳು, ತೋರುಬೆರಳು ಸಾಕು. ಅವೆರಡೂ ಗಟ್ಟಿಯಾಗೇ ಇವ್ಯಲ್ಲ?"

ನಾಲ್ಕು ತಿಂಗಳಲ್ಲಿ ನನ್ನ ಕೈಯಲ್ಲಿ ಇರುವುದರ ಬಗ್ಗೆ ಮಾತಾಡಿದ ಮೊದಲ ಮನುಷ್ಯರು ಅವರು. ಉಳಿದವರೆಲ್ಲ ಹೋದದ್ದರ ಬಗ್ಗೆಯೇ ಮಾತಾಡಿದ್ದರು.

ತಮ್ಮ ನಡುವೆ ಬಾಯಿ ಹಾಕಿದರು. ಎಡಗೈಯಲ್ಲಿ ಮೀಟುವವರ ಗಿಟಾರೇ ಬೇರೆ, ಅದನ್ನು ಮುಂಬೈಯಿಂದ ತರಿಸಬೇಕು, ಬೆಲೆ ಮೂರು ಪಟ್ಟಾಗುತ್ತದೆ ಎಂದರು. ನನ್ನ ಮುಖ ಸಣ್ಣದಾಗಿರಬೇಕು. ಅಕ್ಕ ತಮ್ಮನ ಕಡೆ ತಿರುಗಿದರು.

"ಸುಮ್ನಿರೋ. ಇವ್ರು ಇನ್ನೂ ಒಂದು ದಿನಾನೂ ನುಡಿಸಿಲ್ಲ. ಈಗ್ಲೇ ಅಷ್ಟು ಸುರಿಸಿಬುಟ್ರೆ, ಬೆರಳು ನೊಂದ ದಿನ ಗಿಟಾರ್ ಕಡೆ ನೋಡಿದ್ರೆ ದುಡ್ಡೇ ಕಾಣುತ್ತೆ. ಮುಟ್ಟೋಕೂ ಮನಸ್ಸಾಗಲ್ಲ."

"ವ್ಯಾಪಾರ ಅಕ್ಕಾ..."

"ವ್ಯಾಪಾರಾನೇ ಮಾಡ್ತಿರೋದು ಕಣೋ."

ಆ ಮಧ್ಯಾಹ್ನ ಪೂರ್ತಿ ಅವರು ನನಗಾಗಿ ಗಿಟಾರು ಆರಿಸಿದರು. ಕಡಿಮೆ ಬೆಲೆಯವೇ ಮೂರನ್ನು ಚಾಪೆಯ ಮೇಲೆ ಮಲಗಿಸಿದರು. ಒಂದೊಂದನ್ನೂ ಎತ್ತಿ, ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ಅದರ ಉದ್ದನೆಯ ಕತ್ತು ನೆಟ್ಟಗಿದೆಯೇ ಎಂದು ನೋಡಿದರು. ಬೆನ್ನಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಒಳಗೆ ಯಾವುದಾದರೂ ಪಟ್ಟಿ ಅಂಟು ಬಿಟ್ಟಿದ್ದರೆ ಒಡಕು ಸದ್ದು ಬರುತ್ತದಂತೆ. ತಂತಿ ಬಿಗಿಯುವ ಬಿರಡೆಗಳನ್ನು ತಿರುಗಿಸಿ ಸಡಿಲವಾಗಿವೆಯೇ ನೋಡಿದರು. ಎರಡು ರೂಪಾಯಿಯ ನಾಣ್ಯ ಎರಡನ್ನು ಜೋಡಿಸಿ, ಕತ್ತು ಹೊಟ್ಟೆಗೆ ಸೇರುವ ಕಡೆ ತಂತಿಯ ಕೆಳಗೆ ತೂರಿಸಿದರು. ಮೊದಲನೆಯದರಲ್ಲಿ ನಾಣ್ಯಗಳು ಸಲೀಸಾಗಿ ನುಗ್ಗಿದವು. "ಇದು ಬೇಡ. ತಂತಿ ಇಷ್ಟು ಎತ್ತರ ಇದ್ರೆ ಹೊಸಬರ ಬೆರಳು ಕೊಯ್ದುಹೋಗುತ್ತೆ. ತಪ್ಪು ಗಿಟಾರ್ದು. ಬಯ್ಕೊಳ್ಳೋದು ಅವರನ್ನ ಅವರೇ."

ಎರಡನೆಯದನ್ನು ನನ್ನ ತೊಡೆಯ ಮೇಲಿಟ್ಟರು. ಡೊಳ್ಳು ಹೊಟ್ಟೆಯದು. "ಹೆಗಲು ಕಿವಿಗೆ ಹೋಗ್ತಿದೆ ನೋಡಿ. ಹತ್ತು ನಿಮಿಷಕ್ಕೆ ಕತ್ತು ಹಿಡ್ಕೊಳ್ಳುತ್ತೆ."

ಕೊನೆಗೆ ಉಳಿದದ್ದು ಮೂರರಲ್ಲೂ ಅಗ್ಗದ್ದು. ಮಂಕು ಕಂದು ಬಣ್ಣ. ಒಂದು ಮಗ್ಗುಲಲ್ಲಿ ವಾರ್ನಿಷು ಕಣ್ಣೀರಿನ ಹಾಗೆ ಇಳಿದು ಒಣಗಿತ್ತು. ಅಕ್ಕ ಅದನ್ನು ಎತ್ತಿ ಹಿಡಿದು, ಎರಡು ಹೆಗಲೂ ಒಂದೇ ಸಮ ಇರುವುದರಿಂದ ತಿರುಗಿಸಿ ಹಿಡಿದರೂ ನಡೆಯುತ್ತದೆ ಎಂದರು. ತಂತಿಗಳು ಹೊಟ್ಟೆಯ ಮೇಲೆ ಊರುವ ಬಿಳಿ ಪಟ್ಟಿ ದುಬಾರಿ ಗಿಟಾರಿನಲ್ಲಿ ಓರೆಯಾಗಿರುತ್ತದೆ. ಇದರಲ್ಲಿ ನೇರವಾಗಿತ್ತು. ಹಾಗಾಗಿ ತಂತಿಗಳನ್ನು ಹಿಂದುಮುಂದು ಮಾಡಿದರೆ ಶ್ರುತಿ ಅಷ್ಟಾಗಿ ಕೆಡುವುದಿಲ್ಲ. "ಕಂಪನಿಯೋರು ಖರ್ಚು ಉಳಿಸೋಕೆ ಮಾಡಿರೋದು. ನಿಮಗೆ ಒಳ್ಳೇದೇ ಆಯ್ತು" ಎಂದು ಮೊದಲ ಸಲ ನಕ್ಕರು. ಆಮೇಲೆ, "ಐದು ದಿನ ಬುಟ್ಟು ಬನ್ನಿ. ಮೇಲ್ಗಡೆ ತಂತಿ ಕೂರೋ ಪಟ್ಟಿನ ಹೊಸ್ದಾಗಿ ಕೆತ್ತಬೇಕು" ಎಂದರು.

ಐದು ದಿನ ಬಿಟ್ಟು ಹೋದೆ. ತಂತಿಗಳೆಲ್ಲ ಅದಲುಬದಲಾಗಿದ್ದವು. ಮೀಟುವ ಪ್ಲಾಸ್ಟಿಕ್ಕಿನ ಚೂರಿಗೆ ಸೈಕಲ್ ಟ್ಯೂಬಿನ ರಬ್ಬರ್ ತುಂಡೊಂದನ್ನು ಅಂಟಿಸಿದ್ದರು, ನನ್ನ ಎರಡು ಬೆರಳಿನ ನಡುವೆ ಜಾರದಿರಲಿ ಎಂದು. ಗಿಟಾರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬರುವಾಗ, ಎಡಗೈ ಜೇಬಿನ ಹೊರಗಿದೆ ಎಂಬುದು ನನಗೆ ಮನೆ ಮುಟ್ಟಿದ ಮೇಲೆ ಗೊತ್ತಾಯಿತು.

ಮನೆಯಲ್ಲಿ ಅಮ್ಮ ಚೀಲ ನೋಡಿದವಳೇ ಒಳಗೆ ಹೋಗಿಬಿಟ್ಟಳು. ಕಳೆದುಕೊಂಡದ್ದನ್ನು ನಾನು ದಿನಾ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ, ಕೊರಗಿ ಹಾಳಾಗುತ್ತೇನೆ ಅನ್ನುವ ಭಯ ಅವಳಿಗೆ. ಜೊತೆಗೆ ಎರಡನೇ ತಂತಿ ಮೀಟಿದಾಗಲೆಲ್ಲ ಝರ್ರ್ ಎಂದು ಕರಕರ ಸದ್ದು. ಅಂಗಡಿಗೆ ಫೋನ್ ಮಾಡಿ ಹೇಳಿದೆ. ಅಕ್ಕ ವಿಳಾಸ ಕೇಳಿಕೊಂಡರು.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಅವರೇ ಬಂದರು. ಕೈಯಲ್ಲಿ ಅರ, ಉಜ್ಜುಕಾಗದ, ಹೊಸ ಪಟ್ಟಿ ಕೆತ್ತಲೆಂದು ಬಟ್ಟೆಯಲ್ಲಿ ಸುತ್ತಿದ ಮೂಳೆಯ ಚೂರು. "ನಾನು ಕೆತ್ತಿದ್ದು ಆಳ ಆಗಿಬುಟ್ಟಿದೆ. ತಪ್ಪು ನಂದು, ಓಡಾಟ ನಿಮಗ್ಯಾಕೆ?" ಎಂದು ನಡುಮನೆಯ ನೆಲದ ಮೇಲೆ ಕೂತರು. ಒಂದು ಗಂಟೆ ಉಜ್ಜಿದರು, ಕೂರಿಸಿದರು, ಮೀಟಿದರು, ಮತ್ತೆ ತೆಗೆದು ಉಜ್ಜಿದರು.

ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು. "ಸುಮ್ನೆ ಆಸೆ ತೋರಿಸ್ಬೇಡಿ ಕಣ್ರೀ. ನಿಜ ಏಳಿ. ಇವ್ನ ಕೈಲಿ ಇದು ಆಯ್ತದಾ?"

ಅಕ್ಕ ಅರ ಕೆಳಗಿಟ್ಟು ಅಮ್ಮನ ಮುಖ ನೋಡಿದರು. "ಆಗುತ್ತೋ ಇಲ್ವೋ ನನಗೆ ಗೊತ್ತಿಲ್ಲ ಕಣಮ್ಮ. ಆಗ್ದೇ ಹೋದ್ರೆ ಅದು ಗಿಟಾರ್ ದೆಸೆಯಿಂದ ಆಗ್ಬಾರ್ದು. ಅಷ್ಟು ನೋಡ್ಕೊಳ್ಳೋದು ನನ್ನ ಕೆಲಸ."

ಆಗುತ್ತದೆ ಎಂದು ಧೈರ್ಯ ಹೇಳಿದ್ದರೆ ಅಮ್ಮ ನಂಬುತ್ತಿರಲಿಲ್ಲವೇನೋ. ಈ ಮಾತು ಕೇಳಿ ಒಳಗೆ ಹೋದವಳು ಉಪ್ಪಿಟ್ಟು, ಕಾಫಿ ತಂದು ಅವರ ಪಕ್ಕದಲ್ಲೇ ಕೂತಳು. ಅವರು ತಿಂಡಿ ತಿನ್ನುತ್ತ ಅಮ್ಮನ ಮಂಡಿನೋವಿನ ಕಥೆ ಕೇಳಿದರು. ಹೊರಟಾಗ ಎರಡನೇ ತಂತಿ ಮಿಕ್ಕವುಗಳ ಹಾಗೇ ತಿಳಿಯಾಗಿ ಮೊಳಗುತ್ತಿತ್ತು.

ಕಲಿಯುವುದು ಸುಲಭವಾಗಲಿಲ್ಲ. ಬಲಗೈ ಬೆರಳುಗಳು ಬೊಬ್ಬೆ ಬಂದು, ಒಡೆದು, ಗಟ್ಟಿಯಾದವು. ತಂತಿಗಳನ್ನು ಒತ್ತುವ ಒಂದು ಹಿಡಿತದಿಂದ ಇನ್ನೊಂದಕ್ಕೆ ಬೆರಳು ದಾಟಿಸುವಷ್ಟರಲ್ಲಿ ಹಾಡು ಎಲ್ಲೋ ಹೋಗಿರುತ್ತಿತ್ತು. ಬಿಟ್ಟುಬಿಡೋಣ ಅನ್ನಿಸಿದ ದಿನಗಳು ಬೇಕಾದಷ್ಟು. ಆಗೆಲ್ಲ ಗಿಟಾರಿನ ಮೇಲೆ ತಪ್ಪು ಹೊರಿಸೋಣ ಎಂದರೆ ಆ ದಾರಿಯನ್ನು ಅಕ್ಕ ಮೊದಲೇ ಮುಚ್ಚಿದ್ದರು. ಸುಮ್ಮನೆ ಮತ್ತೆ ಕೂರುತ್ತಿದ್ದೆ.

ಆರೇಳು ತಿಂಗಳಾದ ಮೇಲೆ ಒಂದು ಶನಿವಾರ ಅಂಗಡಿಗೆ ಹೋಗಿ, ಬರುತ್ತಿದ್ದ ಮೂರು ಹಿಡಿತಗಳನ್ನು ಅವರ ಮುಂದೆ ನುಡಿಸಿದೆ. ಅವರು ಒಂದು ತಬಲಾದ ಬಾರು ಎಳೆಯುತ್ತಲೇ ಕೇಳಿದರು. ಮುಗಿಸಿ ತಲೆಯೆತ್ತಿದೆ. "ಐದನೇ ತಂತಿ ಶ್ರುತಿ ಇಳಿದಿದೆ" ಎಂದರು. ಮತ್ತೇನೂ ಇಲ್ಲ. ತಮ್ಮ ಮಾತ್ರ ಗಲ್ಲಾದಿಂದ ಕೂಗಿದರು, "ನಿಮ್ಮದು ಕೇಳ್ತಾ ಅವಳು ಕೈಲಿರೋ ಕೆಲಸ ನಿಧಾನ ಮಾಡಿದ್ಲು ನೋಡಿ ಸಾರ್, ಅದೇ ದೊಡ್ಡದು!" ಅಕ್ಕ ಅವರನ್ನು ಗದರಿದರು.

ಮುಂದಿನ ಸಲ ಒಂದು ಹಾಡು ಪೂರ್ತಿ, ತಪ್ಪಿಲ್ಲದೆ, ನುಡಿಸಲು ಬಂದಾಗ ಹೋಗೋಣ ಎಂದುಕೊಂಡೆ. ಆ ಹಾಡು ಬರಲು ಎರಡು ವರ್ಷವಾಯಿತು. ಅಷ್ಟರಲ್ಲಿ ಪ್ರೆಸ್ಸಿನಲ್ಲಿ ನನ್ನನ್ನು ಕಂಪ್ಯೂಟರಿಗೆ ಹಾಕಿದ್ದರು, ಮದುವೆಯಾಗಿತ್ತು, ಅಮ್ಮನ ಕಾಯಿಲೆ ಶುರುವಾಗಿತ್ತು. ಹಾಡು ಬಂದಮೇಲೆ ಇನ್ನೊಂದು ಹಾಡಿನ ಆಸೆ. ಅದೂ ಬರಲಿ, ಆಮೇಲೆ ಹೋಗೋಣ... ಅಮ್ಮನ ಕೊನೆಯ ವರ್ಷ ಸಂಜೆ ಹೊತ್ತು ಅವಳ ಮಂಚದ ಪಕ್ಕದಲ್ಲಿ ಕೂತು ನುಡಿಸುತ್ತಿದ್ದೆ. "ಆವಮ್ಮನಿಗೆ ಒಂದು ಸಲ ಕೇಳಿಸಿ ಬಾರೋ" ಎಂದು ಅವಳೂ ಹೇಳಿದ್ದಳು. ಹೂಂ ಅಂದಿದ್ದೆ.

ಹೋದ ವಾರ ಹೋದೆ. ಆ ಅಂಗಡಿ ಇದ್ದ ಕಡೆ ಈಗ ಕನ್ನಡಕದ ಅಂಗಡಿ. ಪಕ್ಕದ ಔಷಧಿ ಅಂಗಡಿಯವರು ತಮ್ಮನ ಮನೆ ತೋರಿಸಿದರು, ಎರಡು ಅಡ್ಡರಸ್ತೆ ಆಚೆ. ತಮ್ಮ ತುಂಬ ಇಳಿದುಹೋಗಿದ್ದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಎಡಗೈ ತೋರಿಸಿದೆ. "ಓ, ಪ್ರೆಸ್ಸಿನವರು!" ಎಂದು ಒಳಗೆ ಕರೆದು ಕೂರಿಸಿದರು.

ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು.

ತಮ್ಮನೇ ಮಾತು ಮುಂದುವರಿಸಿದರು. "ನಿಮ್ಮ ಗಿಟಾರ್ನ ಐದು ದಿನ ಮನೇಲಿಟ್ಕೊಂಡಿದ್ಲು, ಗೊತ್ತಾ? ಪಟ್ಟಿ ಕೆತ್ತೋದು ಒಂದು ದಿನದ ಕೆಲಸ. ಮಿಕ್ಕ ದಿನ ಎಲ್ಲಾ ಎಡಗೈ ಎರಡು ಬೆರಳಿಗೆ ಬಟ್ಟೆ ಸುತ್ಕೊಂಡು, ತಿರುಗಿಸಿ ಹಿಡ್ಕೊಂಡು ನುಡಿಸೋಳು. ಎಲ್ಲೆಲ್ಲಿ ಕಷ್ಟ ಆಗುತ್ತೆ ಅಂತ ನೋಡ್ಬೇಕಿತ್ತಂತೆ. ಬರ್ತಿರ್ಲಿಲ್ಲ, ಸಿಟ್ಟು ಮಾಡ್ಕೊಳ್ಳೋಳು. ನಾನು ನಗೋನು."

ಅವರ ಹೆಂಡತಿ ತಂದಿಟ್ಟ ಕಾಫಿ ಆರುತ್ತಿತ್ತು.

"ಈಗ್ಲೂ ನುಡಿಸ್ತೀರಾ?" ಎಂದು ಕೇಳಿದರು.

"ನುಡಿಸ್ತೀನಿ. ತಂಗಿ ಮಗಳಿಗೂ ಹೇಳ್ಕೊಡ್ತಿದ್ದೀನಿ."

"ಕೇಳೋಳು ಆಗಾಗ, ಪ್ರೆಸ್ಸಿನವರು ಈಗ ಹೆಂಗ್ ನುಡಿಸ್ತಾರೋ ಏನೋ ಅಂತ. ಒಂದು ಸಲ ಬರ್ಬೇಕಿತ್ತು ಸಾರ್ ನೀವು."

ಆ ದನಿಯಲ್ಲಿ ಕೋಪ ಇರಲಿಲ್ಲ, ದೂರು ಇರಲಿಲ್ಲ. ಇದ್ದಿದ್ದರೆ ತಲೆತಗ್ಗಿಸಿ ಬೈಸಿಕೊಂಡು ಎದ್ದು ಬರಬಹುದಿತ್ತು. ಮಂಡಿ ಮೊಹಲ್ಲಾದ ಪ್ರೆಸ್ಸಿನಿಂದ ಒಂಟಿಕೊಪ್ಪಲಿಗೆ ನಡೆದು ಬಂದರೂ ಅರ್ಧ ಗಂಟೆ. ಅವತ್ತು ವಾಪಸ್ಸು ಬಸ್ಸು ಹತ್ತದೆ ಆ ಅರ್ಧ ಗಂಟೆಯನ್ನು ನಡೆದೇ ಬಂದೆ. ಇಷ್ಟೇ ದೂರವಿತ್ತು.