ಮಾವನವರ ಹಸಿರು ಬಾತುಕೋಳಿ

ನಮ್ಮ ಮಾವನವರು ಮೂವತ್ತೊಂದು ವರ್ಷ ಟಿವಿ ರಿಪೇರಿ ಮಾಡಿದವರು. ಟಿವಿಗಳು ತೆಳ್ಳಗಾಗುತ್ತಾ ಬಂದ ಹಾಗೆ ಗಿರಾಕಿಗಳೂ ತೆಳ್ಳಗಾದರು. ಕೊನೆಗೆ ಅಂಗಡಿಗೆ ಬೀಗ ಹಾಕಿ, ಸಾಮಾನನ್ನೆಲ್ಲ ನಮ್ಮ ಹಿಂದಿನ ಕೋಣೆಗೆ ತಂದರು. ಮಧ್ಯಾಹ್ನ ನನ್ನ ಮೂರು ವರ್ಷದ ಮಗಳು ಮಲಗುವುದೂ ಅದೇ ಕೋಣೆಯಲ್ಲಿ.

ಹೋದ ತಿಂಗಳು ಪಕ್ಕದ ರಸ್ತೆಯ ಡ್ರಾಯಿಂಗ್ ಮೇಷ್ಟ್ರು ಲೇಸರ್ ಪ್ರೊಜೆಕ್ಟರ್ ಹೊತ್ತು ಬಂದರು. ಅವರದು ಲೇಸರಿನಿಂದ ಚಿತ್ರ ಬಿಡಿಸುವ ಏಳೆಂಟು ಹವ್ಯಾಸಿಗಳ ಗುಂಪು. ಪ್ರೊಜೆಕ್ಟರಿನೊಳಗೆ ಉಗುರಿನಷ್ಟು ಪುಟ್ಟ ಎರಡು ಕನ್ನಡಿಗಳು ಕುಣಿಯುತ್ತವೆ. ಹಸಿರು ಬೆಳಕು ಅವುಗಳಿಂದ ಚಿಮ್ಮಿ ಗೋಡೆಯ ಮೇಲೆ ಚಿತ್ರ ಬರೆಯುತ್ತದೆ. ಕಂಪ್ಯೂಟರಿನ ಮಾತನ್ನು ಕನ್ನಡಿಗಳಿಗೆ ಮುಟ್ಟಿಸುವ ಕಂಟ್ರೋಲರ್ ಮಾತ್ರ ಅವರ ಕೈಗೆಟುಕದಷ್ಟು ದುಬಾರಿ. ಮಾವ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿದರು. ಎಂಟು ಸ್ಪೀಕರುಗಳಿಗೆ ಸದ್ದು ಕಳಿಸುವ ಆ ಡಬ್ಬಿಯಿಂದಲೇ ಕನ್ನಡಿಗಳನ್ನೂ ಕುಣಿಸಬಹುದು ಎಂಬುದು ಅವರ ಲೆಕ್ಕ.

“ಟಿವಿ ಹೋಯ್ತು, ಈಗ ಗೋಡೇನೇ ಟಿವಿ,” ಅಂದರು ಅತ್ತೆ.

ನಾನು ಪ್ರೊಜೆಕ್ಟರಿನ ಜೊತೆ ಬಂದ ಎಚ್ಚರಿಕೆಯ ಹಾಳೆ ಓದಿದ್ದೆ. ಬೆಳಕು ಒಂದೇ ಕಡೆ ನಿಂತು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

“ಮಾವ, ಕಂಪ್ಯೂಟರ್ ನಿಂತ್ರೆ ಬೆಳಕು ತಾನಾಗೇ ಆರ್ಬೇಕು. ಇಲ್ಲಾಂದ್ರೆ ಇದು ನಮ್ಮನೇಲಿ ಬೇಡ.”

“ಆಯ್ತಮ್ಮ. ಆರತ್ತೆ.”

ಅವರಿಗೆ ಅದೊಂದೇ ಕೋಣೆ. ನಾನು ಬೇಡವೆಂದರೆ ಕೆಲಸ ಅಲ್ಲಿಗೆ ನಿಂತಂತೆ.

ಮೊದಲ ದಿನ ಮಗಳು ಕೇಳಿದ ಬಾತುಕೋಳಿಯನ್ನು ಗೋಡೆಯ ಮೂಲೆಗೆ ಬಿಟ್ಟರು. ಅದು ಜಾರಿಕೊಂಡು ನಡುವಿಗೆ ಬಂತು. ಕಾರ್ಡಿನ ಪ್ರತಿಯೊಂದು ದಾರಿಯಲ್ಲೂ ಒಂದೊಂದು ಕೆಪಾಸಿಟರ್ ಇದೆಯಂತೆ. ಅದು ಅಲುಗಾಡುವ ವಿದ್ಯುತ್ತನ್ನು ದಾಟಿಸುತ್ತದೆ, ನಿಂತದ್ದನ್ನು ತಡೆಯುತ್ತದೆ. ಹಾಗಾಗಿ ಮೂಲೆಯಲ್ಲಿ ನಿಲ್ಲು ಎಂಬ ಮಾತು ಕನ್ನಡಿಗೆ ತಲುಪುತ್ತಲೇ ಇರಲಿಲ್ಲ. ಮಾವ ಅವನ್ನು ಕಿತ್ತು ತಂತಿ ಬೆಸೆದರು. ಬಾತುಕೋಳಿ ಮೂಲೆಯಲ್ಲಿ ಗಟ್ಟಿಯಾಗಿ ಕೂತಿತು. ಮಾವನ ಮುಖ ನೋಡಬೇಕಿತ್ತು.

ಅಷ್ಟರಲ್ಲಿ ಮಗಳು ಗೋಡೆಯತ್ತ ಓಡಿದಳು. ನಾನು ಕಂಪ್ಯೂಟರಿನಲ್ಲಿ ಚಿತ್ರ ನಿಲ್ಲಿಸಿದೆ. ಬಾತುಕೋಳಿ ಹೋಯಿತು, ಅದರ ಜಾಗದಲ್ಲಿ ಒಂದೇ ಒಂದು ಹಸಿರು ಚುಕ್ಕೆ, ಅಲ್ಲಾಡದೆ, ಉಳಿಯಿತು. ಅವಳು ಅದನ್ನು ಹಿಡಿಯಲು ಕೈ ಚಾಚಿದಳು. ನಾನು ಅವಳನ್ನು ಬಾಚಿಕೊಂಡು ಆಚೆ ಓಡಿದೆ. ಮಾವ ಪ್ಲಗ್ಗನ್ನೇ ಕಿತ್ತರು.



“ಕೆಪಾಸಿಟರ್ ಎಷ್ಟು ಕಿತ್ರಿ?” ಕೇಳಿದೆ.

“ಎಂಟೂ,” ಅಂದರು. “ಕನ್ನಡಿಗಳವು ಎರಡೇ ಸಾಕಿತ್ತು. ಸೆಟ್ ಬಿಚ್ಚಿದ ಮೇಲೆ ಒಂದು ಕೆಟ್ಟಿದ್ರೂ ಎಲ್ಲಾ ಬದಲಾಯಿಸಿಯೇ ರೂಢಿ ನೋಡು. ಕೈ ತಾನಾಗೇ ಹೋಯ್ತು.”

ಸದ್ದಿಲ್ಲದಾಗಲೂ ಆ ಕಾರ್ಡಿನಲ್ಲಿ ಒಂದಿಷ್ಟು ವಿದ್ಯುತ್ತು ನಿಂತೇ ಇರುತ್ತದಂತೆ. ಲೇಸರನ್ನು ಹೊತ್ತಿಸುವ ದಾರಿಯಲ್ಲೂ ತಡೆಯುವ ಕೆಪಾಸಿಟರ್ ಹೋದ ಮೇಲೆ ಅದು ನೇರ ಲೇಸರಿಗೆ ನುಗ್ಗಿತ್ತು.

“ಇದನ್ನ ವಾಪಸ್ ಕೊಟ್ಬಿಡಿ, ಮಾವ.”

“ನಾಳೆ ಸಂಜೆವರೆಗೆ ಟೈಮ್ ಕೊಡು. ಆಮೇಲೆ ನೀನು ಹೇಳ್ದಂಗೆ.”

ಮರುದಿನ ಮಗಳನ್ನು ಅತ್ತೆಯ ಬಳಿ ಬಿಟ್ಟು ಹಿಂದಿನ ಕೋಣೆಗೆ ಹೋದೆ. ಖಾಲಿಯಿದ್ದ ಒಂದು ದಾರಿಗೆ ಮಾವ ಕೆಪಾಸಿಟರನ್ನು ಮತ್ತೆ ಕೂರಿಸಿ, ಅಲ್ಲಿಂದ ಲೇಸರಿಗೆ ಒಂದು ಕೆಂಪು ವೈರು ಎಳೆದಿದ್ದರು. ಚಿತ್ರ ಓಡುವಷ್ಟು ಹೊತ್ತೂ ಕಂಪ್ಯೂಟರ್ ಆ ದಾರಿಯಲ್ಲಿ ‘ಕೂ’ ಎಂದು ಒಂದೇ ಸ್ವರ ಕಳಿಸುತ್ತದೆ. ಸ್ವರ ದಾಟಿ ಬಂದರಷ್ಟೇ ಲೇಸರಿಗೆ ಅಪ್ಪಣೆ. ಸ್ವರ ನಿಂತರೆ ಅಲ್ಲಿಂದ ಏನೂ ದಾಟುವುದಿಲ್ಲ.

“ನೀನೇ ನಿಲ್ಸಿ ನೋಡು,” ಅಂದು ಮಾವ ಕುರ್ಚಿ ಬಿಟ್ಟುಕೊಟ್ಟರು.

ನಿಲ್ಲಿಸಿದೆ. ಗೋಡೆ ಕತ್ತಲು. ಯುಎಸ್‌ಬಿ ಕೇಬಲ್ ಎಳೆದೆ. ಕತ್ತಲು. ಕಂಪ್ಯೂಟರನ್ನೇ ಮುಚ್ಚಿದೆ. ಕತ್ತಲು. ಹನ್ನೊಂದನೆಯ ಸಲಕ್ಕೆ ಮಾವ, “ಸಾಕು ಮಾರಾಯ್ತಿ, ಬಾತುಕೋಳಿಗೆ ತಲೆ ತಿರುಗತ್ತೆ,” ಅಂದರು. ಆಮೇಲೆಯೇ ಬಾಗಿಲು ತೆಗೆದು ಮಗಳನ್ನು ಕರೆದು, ಪ್ರೊಜೆಕ್ಟರಿನ ಹಿಂದೆ, ನನ್ನ ಮಡಿಲಲ್ಲಿ ಕೂರಿಸಿಕೊಂಡೆ.

ಭಾನುವಾರ ಬಂದ ಮೇಷ್ಟ್ರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಈ ಕೆಂಪು ವೈರು ಚಿತ್ರಕ್ಕೆ ಬೇಕಿಲ್ವಲ್ಲ? ತೆಗೆದ್ರೆ ಡಬ್ಬಿ ಇನ್ನೂ ಚಿಕ್ಕದಾಗತ್ತೆ.”

“ಅದು ನಮ್ಮ ಸೊಸೆ ವೈರು, ಮೇಷ್ಟ್ರೇ,” ಅಂದರು ಮಾವ. “ಅದನ್ನ ಮುಟ್ಟೋ ಹಾಗಿಲ್ಲ.”