ಒಂಬತ್ತು ಸಾವಿರ ಮರಿಗಳಿಗೆ ನೀರು ತೋರಿಸುವ ಹೇಝಲ್

ಬೆಚ್ಚಗಿನ ಗರಿ, ಸೀಮೆಎಣ್ಣೆ ದೀಪ, ಒದ್ದೆಯಾದ ಉಣ್ಣೆ ಕೋಟು. ಈ ಮೂರೂ ಸೇರಿದ ವಾಸನೆಯೆಂದರೆ ಹೇಝಲ್ ಲಾರ್ಟರ್‌ಗೆ ಅರವತ್ತು ವರ್ಷಗಳ ನಂತರವೂ ಅಮ್ಮನೇ. ಕ್ರಿಸ್‌ಮಸ್‌ಗೆ ಮುಂಚಿನ ಮೂರು ವಾರ ಗ್ರಿಮ್‌ಸ್ಟೆಡ್ ಊರಿನ ಹೆಂಗಸರೆಲ್ಲ ಪೆಲ್‌ಗ್ರೇವ್ ಅವರ ಟರ್ಕಿ ಫಾರ್ಮಿನ ಹುಲ್ಲಿನ ಕೊಟ್ಟಿಗೆಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕುಳಿತು ಟರ್ಕಿ ಕೋಳಿಗಳ ಗರಿ ಕೀಳುತ್ತಿದ್ದರು. ಮಕ್ಕಳು ಬೆಂಚಿನ ಕೆಳಗೆ. ಮೇಲಿನಿಂದ ಗರಿ ಉದುರುತ್ತಿತ್ತು, ನಗು ಉದುರುತ್ತಿತ್ತು, ನಡುನಡುವೆ ಮಕ್ಕಳು ಕೇಳಬಾರದ ಮಾತೂ ಉದುರುತ್ತಿತ್ತು.

ಈಗ ಫೆಬ್ರವರಿಯ ಬೆಳಗಿನ ಐದೂವರೆ. ಸಮುದ್ರದ ಕಡೆಯ ಗಾಳಿ ಬೀಟ್‌ ಗೆಡ್ಡೆಯ ಹೊಲಗಳ ಮೇಲೆ ಹಾಯ್ದು ನೇರ ಬಂದು ನಾಲ್ಕನೇ ಶೆಡ್ಡಿನ ಬಾಗಿಲು ಬಡಿಯುತ್ತಿದೆ. ಹೇಝಲ್ ಸ್ನಾನ ಮುಗಿಸಿ, ಕಂಪನಿ ಕೊಟ್ಟ ಬಟ್ಟೆ ತೊಟ್ಟು, ಬೂಟನ್ನು ಔಷಧಿಯ ನೀರಿಗೆ ಅದ್ದಿ ಒಳಗೆ ಬರುತ್ತಾರೆ. ದೀಪದ ಶಾಖದಲ್ಲಿ, ಮರದ ಹೊಟ್ಟಿನ ಮೇಲೆ, ನಿನ್ನೆ ಮೊಟ್ಟೆಯೊಡೆದ ಒಂಬತ್ತು ಸಾವಿರ ಮರಿಗಳು ಚಿಲಿಪಿಲಿ ಎನ್ನುತ್ತಿವೆ. ನಾಲ್ಕು ತಿಂಗಳಿಂದ ಈ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ.

"ಬಂದ್ರೇನ್ರಪ್ಪಾ," ಎಂದು ಹೇಝಲ್ ಮರಿಗಳನ್ನು ಮಾತಾಡಿಸುತ್ತಾರೆ. "ಎಷ್ಟ್ ಕಾಯಿಸಿದ್ರಿ ನನ್ನ!"

ಅವರಿಗೆ ಅರವತ್ತಾರು. ಇಲ್ಲಿ ಕೆಲಸಕ್ಕೆ ಸೇರಿ ನಲವತ್ನಾಲ್ಕು ವರ್ಷ. ಇಷ್ಟು ವರ್ಷವೂ ಅವರದು ಒಂದೇ ಕೆಲಸ: ಮೊದಲ ಏಳು ದಿನ ಮರಿಗಳನ್ನು ಬದುಕಿಸುವುದು. ಟರ್ಕಿ ಮರಿ ಹುಟ್ಟುತ್ತಲೇ ಎಲ್ಲ ಕಲಿತು ಬರುವ ಜೀವವಲ್ಲ. ತುಂಬಿದ ನೀರಿನ ಬಟ್ಟಲ ಪಕ್ಕದಲ್ಲೇ ನಿಂತು ಬಾಯಾರಿ ಸಾಯುತ್ತದೆ. ಅದು ನೀರು ಎಂದು ಯಾರಾದರೂ ತೋರಿಸಬೇಕು.

ತೋರಿಸುವುದನ್ನು ಹೇಝಲ್ ಕಲಿತದ್ದು ಅಮ್ಮನಿಂದ. ಹಿರಿಯ ಪೆಲ್‌ಗ್ರೇವ್ ಶುರುಮಾಡಿದ ಕಾಲಕ್ಕೆ ಅವರಲ್ಲಿ ಇದ್ದದ್ದು ಹಳಿಯಿಂದ ಇಳಿಸಿಟ್ಟ ಒಂದು ಹಳೆಯ ಗೂಡ್ಸ್ ಬಂಡಿ ಮತ್ತು ಎಂಬತ್ತು ಮರಿ. ಮರಿ ನೋಡಿಕೊಳ್ಳಲು ಹೇಝಲ್‌ರ ಅಮ್ಮ. ಮೊದಲ ವಾರವೇ ಮರಿಗಳು ಪಟಪಟನೆ ಬಿದ್ದಾಗ ಆಕೆ ಮನೆಗೆ ಓಡಿ, ಮಗ ಕ್ಲೈವ್‌ನ ಗಾಜಿನ ಗೋಲಿಗಳನ್ನು ತಂದು ನೀರಿನ ತಟ್ಟೆಗಳಿಗೆ ಹಾಕಿದರು. ಹೊಳೆಯುವುದನ್ನು ಕುಕ್ಕುವುದು ಮರಿಗಳ ಸ್ವಭಾವ. ಗೋಲಿ ಕುಕ್ಕಿದವು, ಕೊಕ್ಕು ಒದ್ದೆಯಾಯಿತು, ತಲೆಯೆತ್ತಿ ನೀರು ನುಂಗಿದವು. ಅಷ್ಟೇ ಪಾಠ.

"ಕ್ಲೈವ್ ಮೂರು ದಿನ ಅತ್ತ," ಎನ್ನುತ್ತಾರೆ ಹೇಝಲ್. "ಈಗ ಎಪ್ಪತ್ತೊಂದು ವರ್ಷ ಅವನಿಗೆ. ಈಗಲೂ ಮನೆಗೆ ಬಂದ್ರೆ, ಎಲ್ಲೇ ನನ್ನ ಗೋಲಿ ಅಂತಾನೆ. ನಿನ್ನ ಗೋಲಿ ಎಷ್ಟು ಜನರ ಕ್ರಿಸ್‌ಮಸ್ ಊಟ ನಡೆಸಿದೆ ಗೊತ್ತೇನೋ ಅಂತೀನಿ."

ಎಂಬತ್ತು ಮರಿಯ ಬಂಡಿ ಹೋಗಿ, ಯುದ್ಧಕಾಲದ ವಿಮಾನಗಳು ಓಡುತ್ತಿದ್ದ ದಾರಿಯ ಮೇಲೆ ಇಪ್ಪತ್ತೆಂಟು ಶೆಡ್ಡುಗಳು ಎದ್ದವು. ಪೆಲ್‌ಗ್ರೇವ್ ಹೆಸರು ದೇಶದ ಪ್ರತಿ ಅಂಗಡಿಯ ಶೀತಪೆಟ್ಟಿಗೆಯಲ್ಲೂ ಕಾಣತೊಡಗಿತು. ಹಬ್ಬದ ಹಕ್ಕಿ ವಾರದ ಊಟವಾಯಿತು. ಅರೆದ ಮಾಂಸವನ್ನು ಸುರುಳಿ ಸುತ್ತಿ ಕರಿದ ತಿಂಡಿಯೊಂದು ಶಾಲೆಶಾಲೆಗೆ ಹೋಯಿತು. ಅದರಲ್ಲಿ ಮಾಂಸ ಎಷ್ಟು, ಉಳಿದದ್ದು ಎಷ್ಟು ಎಂದು ಒಂದು ದಿನ ಪತ್ರಿಕೆಯವರು ಕೇಳಿದರು. ಶಾಲೆಗಳು ಆ ತಿಂಡಿ ತರಿಸುವುದನ್ನು ನಿಲ್ಲಿಸಿದವು. ಅದಾದ ಮೇಲೆ, ಕೊನೆಯ ಶೆಡ್ಡಿನಲ್ಲಿ ಇಬ್ಬರು ಕೆಲಸಗಾರರು ಹಕ್ಕಿಗಳನ್ನು ಒದೆಯುತ್ತಿದ್ದುದನ್ನು ಯಾರೋ ಗುಟ್ಟಾಗಿ ಚಿತ್ರೀಕರಿಸಿದರು. ಆ ಶೆಡ್ಡಿನ ಆ ದಿನಗಳ ದಾಖಲೆ ಪುಸ್ತಕದಲ್ಲಿ ಮಾತ್ರ ಎಲ್ಲ ಸರಿಯಿದೆ ಎಂದೇ ಬರೆದಿತ್ತು.

"ಸುರುಳಿ ತಿಂಡಿ ನನ್ನ ಮಕ್ಕಳೂ ತಿಂದ್ರು, ಇರಲಿ," ಎನ್ನುತ್ತಾರೆ ಹೇಝಲ್. "ಆದ್ರೆ ಆ ಚಿತ್ರ ನೋಡಿದ ದಿನ ನಾಚಿಕೆಯಾಗಿ ನಾನು ಅಂಗಡಿಗೂ ಹೋಗ್ಲಿಲ್ಲ. ಆ ಇಬ್ಬರೂ ನಮ್ಮೂರ ಹುಡುಗರೇ. ಒದ್ದಿದ್ದು ತಪ್ಪು. ಒದ್ದಿಲ್ಲ ಅಂತ ಬರೆದದ್ದು ಇನ್ನೂ ದೊಡ್ಡ ತಪ್ಪು."

ಕಳೆದ ಶರತ್ಕಾಲದಲ್ಲಿ ಹಕ್ಕಿಜ್ವರ ಬಂತು. ಬಿಳಿ ಉಡುಪಿನವರು ಬಂದು ಎರಡು ದಿನಗಳಲ್ಲಿ ಎಲ್ಲ ಹಕ್ಕಿಗಳನ್ನೂ ಕೊಂದು ಮುಗಿಸಿದರು. ದೊಡ್ಡ ಹಕ್ಕಿಗಳ ಶೆಡ್ಡಿನ ಬಾಗಿಲಲ್ಲಿ ನಿಂತು ಸಿಳ್ಳೆ ಹಾಕಿದರೆ ಸಾವಿರಾರು ಟರ್ಕಿಗಳು ಒಟ್ಟಿಗೆ ಗುಳುಗುಳು ಎಂದು ಉತ್ತರ ಕೊಡುತ್ತಿದ್ದವು. ಆ ವಾರದ ಕೊನೆಗೆ ಹೇಝಲ್ ಅಭ್ಯಾಸಬಲದಿಂದ ಸಿಳ್ಳೆ ಹಾಕಿದರಂತೆ. ಗಾಳಿ ಮಾತ್ರ ಓಗೊಟ್ಟಿತು.

ಮರಿಗಳಿಗೂ ಮುಂಚೆ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಒಂಬತ್ತು ಸಾವಿರ ಮರಿ ಕಳಿಸುತ್ತೇವೆ. ಏಳು ದಿನಗಳಲ್ಲಿ ಇನ್ನೂರ ಇಪ್ಪತ್ತೈದಕ್ಕಿಂತ ಹೆಚ್ಚು ಸತ್ತರೆ ಮರಿ ಸಾಕುವ ಕೆಲಸ ಲಿಂಕನ್‌ಶೈರಿನ ಹೊಸ ಘಟಕಕ್ಕೆ ಹೋಗುತ್ತದೆ, ಗ್ರಿಮ್‌ಸ್ಟೆಡ್‌ನ ಶೆಡ್ಡು ಶಾಶ್ವತವಾಗಿ ಮುಚ್ಚುತ್ತದೆ. ಹೇಝಲ್ ಹೇಗೂ ಬೇಸಿಗೆಗೆ ನಿವೃತ್ತರು. ಅವರ ನಂತರ ಶೆಡ್ಡು ನೋಡಿಕೊಳ್ಳಬೇಕಾದವರು ಲೂರ್ಡೆಸ್ ಪಿನ್ಯೇರೊ. ಪೋರ್ಚುಗಲ್‌ನಿಂದ ಬಂದು ಹತ್ತೊಂಬತ್ತು ವರ್ಷ ಹೇಝಲ್‌ರ ಪಕ್ಕದಲ್ಲೇ ದುಡಿದವರು. ಶೆಡ್ಡು ಉಳಿದರೆ ತಾನೆ ಒಪ್ಪಿಸುವುದು?

ಹೊಸ ವ್ಯವಸ್ಥಾಪಕಿ ಇಮೊಜೆನ್ ಫಿಸ್ಕ್‌ಗೆ ಮೂವತ್ತೂ ಆಗಿಲ್ಲ. ಕೃಷಿ ಕಾಲೇಜಿನಲ್ಲಿ ಓದಿದ ಹುಡುಗಿ, ಮಾತು ಮೃದು, ನಿಯಮ ಬಿಗಿ. ಜ್ವರದ ನಂತರ ಹೊರಗಿನ ಅಂಗಿಯ ಒಂದು ಗುಂಡಿಯೂ ಶೆಡ್ಡಿನ ಒಳಗೆ ಬರುವಂತಿಲ್ಲ. ಅಮ್ಮನ ಕಾಲದಿಂದ ಬಳಸಿಕೊಂಡು ಬಂದ ಗೋಲಿಗಳಿಗೂ ಅದೇ ನಿಯಮ.

"ಹೊಸ ನೀರಿನ ಬಟ್ಟಲು ಬಂದಿದೆಯಲ್ಲ ಹೇಝಲ್. ಅದು ಸಾಕು."

"ಬಟ್ಟಲು ಬೂದು ಬಣ್ಣ ಕಣಮ್ಮ. ಹಳೇದು ಕೆಂಪಗಿತ್ತು. ಇದು ಮರಿಗೆ ಕಲ್ಲು ಕಂಡ ಹಾಗೆ ಕಾಣತ್ತೆ."

"ಬೂದು ಚೆನ್ನಾಗಿ ತೊಳೆಯೋಕೆ ಬರತ್ತೆ."

"ತೊಳೆಯೋಕೆ ಬರತ್ತೆ. ಕುಡಿಯೋಕೆ ಬರಬೇಕಲ್ಲ," ಎಂದು ಲೂರ್ಡೆಸ್ ಹಿಂದಿನಿಂದ ಗೊಣಗಿದರೂ ಹೇಝಲ್ ಬೂದು ಬಟ್ಟಲುಗಳಿಗೇ ನೀರು ತುಂಬುತ್ತಾರೆ. ನಿಯಮ ಯಾಕೆ ಬಂತೆಂದು ಅವರಿಗೆ ಗೊತ್ತು. ಖಾಲಿ ಶೆಡ್ಡು ನೋಡಿದವರು ಅವರು.

ಮೊದಲ ದಿನ ಸತ್ತದ್ದು ಮೂವತ್ತೆಂಟು. ಎರಡನೆಯ ದಿನ ಅರವತ್ತೊಂದು. ಇಬ್ಬರೂ ಹೆಂಗಸರು ಮಂಡಿಯೂರಿ, ಒಂದೊಂದೇ ಮರಿಯ ಕೊಕ್ಕನ್ನು ಬೆರಳಲ್ಲಿ ಹಿಡಿದು ನೀರಿಗೆ ಅದ್ದುತ್ತಾರೆ. ದಿನಕ್ಕೆ ಎರಡು ಸಾವಿರ ಮರಿಯಾದರೂ ಆಗುತ್ತದೆ, ಒಂಬತ್ತು ಸಾವಿರ ಆಗುವುದಿಲ್ಲ. ಮೂರನೆಯ ದಿನ ಎಂಬತ್ನಾಲ್ಕು. ಒಟ್ಟು ನೂರ ಎಂಬತ್ಮೂರು, ಇನ್ನೂ ನಾಲ್ಕು ದಿನ ಬಾಕಿ.

ಆ ಮಧ್ಯಾಹ್ನ ಇಮೊಜೆನ್ ಶೆಡ್ಡಿಗೆ ಬಂದು ಹೇಝಲ್‌ರ ಪಕ್ಕದಲ್ಲಿ ಮಂಡಿಯೂರುತ್ತಾಳೆ. ತುಂಬಿದ ಬಟ್ಟಲಿನ ಅಂಚಿಗೇ ಒರಗಿಕೊಂಡು ಒಂದು ಮರಿ ಕಣ್ಣು ಮುಚ್ಚುತ್ತಿದೆ. ಆಕೆ ಬಹಳ ಹೊತ್ತು ಅದನ್ನೇ ನೋಡುತ್ತಾಳೆ.

"ಬೂದು ಬಣ್ಣ ಆರಿಸಿದ್ದು ನಾನೇ," ಎನ್ನುತ್ತಾಳೆ. "ಗೋಲಿ ಎಲ್ಲಿವೆ?"

"ಮನೇಲಿ. ಬಿಸ್ಕತ್ತಿನ ಡಬ್ಬೀಲಿ."

ಹೇಝಲ್ ತಂದ ಗೋಲಿಗಳನ್ನು ಇಮೊಜೆನ್ ಯಾರ ಕೈಗೂ ಕೊಡುವುದಿಲ್ಲ. ತಾನೇ ಕುದಿಸುತ್ತಾಳೆ, ತಾನೇ ಔಷಧಿಯ ನೀರಿನಲ್ಲಿ ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಮುಳುಗಿಸುತ್ತಾಳೆ. ಬಾಗಿಲ ಬಳಿಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾಳೆ: ಗಾಜಿನ ಗೋಲಿ, ಇನ್ನೂರ ಹತ್ತು, ಒಳಗೆ ಬಿಡಲಾಗಿದೆ, ಜವಾಬ್ದಾರಿ ನನ್ನದು. ಕೆಳಗೆ ತನ್ನ ಹೆಸರು.

"ಪುಸ್ತಕದಲ್ಲಿ ನನ್ನ ಹೆಸರು ಎಲ್ಲೂ ಬರೀಲಿಲ್ಲ ನೋಡಿ," ಎನ್ನುತ್ತಾರೆ ಹೇಝಲ್. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮುದುಕಿ ಮೇಲೆ ಬರಬಾರದು ಅಂತ. ಅದನ್ನ ಬಾಯಿಬಿಟ್ಟು ಹೇಳೂ ಇಲ್ಲ."

ಪ್ರತಿ ಬಟ್ಟಲಿಗೂ ಮೂರು ಗೋಲಿ. ನೀಲಿ, ಹಸಿರು, ನಡುವೆ ಎಳೆಯಿರುವ ಹಳದಿ. ಮೊದಲ ಮರಿ ಕುಕ್ಕುತ್ತದೆ, ಬೆಚ್ಚಿ ಹಿಂದೆ ಸರಿಯುತ್ತದೆ, ಮತ್ತೆ ಕುಕ್ಕುತ್ತದೆ, ತಲೆಯೆತ್ತುತ್ತದೆ. ಅದನ್ನು ನೋಡಿ ಪಕ್ಕದ್ದು. ಅದನ್ನು ನೋಡಿ ಇನ್ನೊಂದು. ಸಂಜೆಯ ಹೊತ್ತಿಗೆ ಶೆಡ್ಡಿನ ಸದ್ದೇ ಬೇರೆ. ದೂರುವ ಕೀಚಲು ಹೋಗಿ, ಹೊಟ್ಟೆ ತುಂಬಿದ ಮೆಲುದನಿ.

"ನಂಗೂ ಹೀಗೇ ಕಲಿಸಿದ್ರು ಈಯಮ್ಮ," ಎಂದು ಲೂರ್ಡೆಸ್ ನಗುತ್ತಾರೆ. "ಬಂದ ಹೊಸದ್ರಲ್ಲಿ ಒಂದಕ್ಷರ ಭಾಷೆ ಬರ್ತಿರ್ಲಿಲ್ಲ. ಊರಲ್ಲಿ ಯಾರೂ ಮಾತಾಡಿಸ್ತಿರ್ಲಿಲ್ಲ. ಇವ್ರು ಒಂದೊಂದೇ ವಸ್ತು ತೋರಿಸೋರು, ಹೆಸರು ಹೇಳೋರು. ಮೊದಲು ಕಲ್ತಿದ್ದು ಬಕೆಟ್ಟು."

"ಎರಡನೇದು ಬೈಗುಳ," ಎನ್ನುತ್ತಾರೆ ಹೇಝಲ್.

"ಅದೂ ನೀವೇ ಕಲಿಸಿದ್ದು!"

ನಾಲ್ಕನೆಯ ದಿನ ಇಪ್ಪತ್ನಾಲ್ಕು. ಐದಕ್ಕೆ ಒಂಬತ್ತು. ಆರಕ್ಕೆ ನಾಲ್ಕು. ಏಳನೆಯ ಬೆಳಿಗ್ಗೆ ಹೇಝಲ್ ಶೆಡ್ಡನ್ನು ಉದ್ದಕ್ಕೂ ಎರಡು ಸಲ ನಡೆದು ಮೂರು ಸತ್ತ ಮರಿಗಳನ್ನು ಎತ್ತುತ್ತಾರೆ. ಇನ್ನೂರ ಇಪ್ಪತ್ಮೂರು. ಮಿತಿಗಿಂತ ಎರಡು ಕಡಿಮೆ. ಲೂರ್ಡೆಸ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

ಅದೇ ಲೂರ್ಡೆಸ್ ಹತ್ತು ನಿಮಿಷದ ನಂತರ ಕೊನೆಯ ದೀಪದ ಕೆಳಗೆ ಹೊಟ್ಟು ಸಮ ಮಾಡುವಾಗ ನಿಂತುಬಿಡುತ್ತಾರೆ. ಹೊಟ್ಟಿನೊಳಗೆ ಹೂತು ಇನ್ನೂ ಮೂರು. ಚಪ್ಪಟೆಯಾಗಿ, ಒಣಗಿ, ಒಂದು ಹಿಡಿಯೊಳಗೆ ಅಡಗುವಷ್ಟು. ಆಕೆಯ ಹಿಡಿಯೊಳಗೆ ಅವು ಅಡಗಿಯೂ ಇವೆ. ಆಕೆ ಹೇಝಲ್‌ರನ್ನು ನೋಡುತ್ತಾರೆ. ಶೆಡ್ಡಿನಲ್ಲಿ ಬೇರೆ ಯಾರೂ ಇಲ್ಲ.

"ಇವು ಯಾವತ್ತಿನವೋ ಏನೋ ಹೇಝಲ್. ಯಾರಿಗೆ ಗೊತ್ತಾಗತ್ತೆ?"

ಹೇಝಲ್‌ಗೆ ದೀಪಗಳ ಉದ್ದನೆಯ ಸಾಲು ಕಾಣುತ್ತದೆ. ಈ ಶೆಡ್ಡಿನಲ್ಲಿ ಅವರ ನಲವತ್ನಾಲ್ಕು ವರ್ಷವಿದೆ, ಅದಕ್ಕೂ ಹಿಂದಿನ ಅಮ್ಮನ ದಿನಗಳಿವೆ. ಎದುರಿಗೆ ಲೂರ್ಡೆಸ್‌ರ ಮುಂದಿನ ವರ್ಷಗಳು ನಿಂತಿವೆ.

"ನಮ್ಗೆ ಗೊತ್ತಾಗಿದೆಯಲ್ಲೇ," ಎನ್ನುತ್ತಾರೆ ಕೊನೆಗೆ. "ಬೇರೆಯವ್ರು ಏನೇನೋ ಬರೆದ್ರು. ಈ ಶೆಡ್ಡಿನ ಪುಸ್ತಕ ಸುಳ್ಳು ಹೇಳಿಲ್ಲ. ಬರಿ ಮಗಳೇ."

ಲೂರ್ಡೆಸ್ ಬರೆಯುತ್ತಾರೆ. ಇನ್ನೂರ ಇಪ್ಪತ್ತಾರು. ಬರೆದು ಮುಗಿಸಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಹೇಝಲ್ ಆಕೆಯ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

ಇಮೊಜೆನ್ ಪುಸ್ತಕ ನೋಡಿ, ಅಂಗಳದಲ್ಲಿ ನಿಂತಿದ್ದ ತನ್ನ ಕಾರಿಗೆ ಹೋಗಿ ಫೋನು ಹಿಡಿದು ಕೂರುತ್ತಾಳೆ. ಒಂದು ಗಂಟೆಯ ಮೇಲಾಗುತ್ತದೆ. ಒಮ್ಮೆ ಕೈ ಬೀಸಿ ಮಾತಾಡುವುದು ಕಾಣುತ್ತದೆ, ಒಮ್ಮೆ ಹಣೆ ಹಿಡಿದುಕೊಳ್ಳುವುದು. ಕೊನೆಗೆ ಗಾಜು ಇಳಿಸಿ ಕರೆಯುತ್ತಾಳೆ.

"ಇನ್ನೊಂದು ತಂಡ ಮರಿ ಕಳಿಸ್ತಾರಂತೆ. ಶೆಡ್ಡು ಸದ್ಯಕ್ಕೆ ಮುಚ್ಚಲ್ಲ. ಬಟ್ಟಲು ತಪ್ಪು ಆರಿಸಿದ್ದು ನಾನು ಅಂದೆ. ಕೊನೇ ಮೂರು ದಿನದ ಲೆಕ್ಕ ಓದಿ ಹೇಳ್ದೆ. ಆಮೇಲೆ ಒಂದು ಮಾತು ಕೇಳ್ದೆ ಅವ್ರನ್ನ, ಮೋಸ ಮಾಡೋರು ಇನ್ನೂರ ಇಪ್ಪತ್ತಾರು ಅಂತ ಬರೀತಾರಾ ಅಂತ." ಆಕೆ ಫೋನನ್ನು ಪಕ್ಕದ ಸೀಟಿನ ಮೇಲೆ ಇಡುತ್ತಾಳೆ. "ಅದಾದ್ಮೇಲೆ ಒಪ್ಪಿದ್ರು."

ಲೂರ್ಡೆಸ್ ತಮ್ಮ ಭಾಷೆಯಲ್ಲಿ ಏನೋ ಕೂಗಿ, ಶೆಡ್ಡಿನ ಕಡೆ ಓಡುತ್ತಾರೆ, ಮರಿಗಳಿಗೆ ಸುದ್ದಿ ಹೇಳುವವರಂತೆ.

ನಿವೃತ್ತಿಯ ದಿನ ಏನು ಬೇಕೆಂದು ಕಂಪನಿ ಕೇಳಿದರೆ? ಹೇಝಲ್ ಯೋಚಿಸುತ್ತಾರೆ. "ಗಡಿಯಾರ ಬೇಡ, ಮನೇಲಿ ಎರಡಿದೆ. ಬಾಗಿಲ ಮೇಲೆ ಶೆಡ್ಡು ನೋಡ್ಕೊಳ್ಳೋರ ಹೆಸರು ಬರೀತಾರಲ್ಲ, ಅಲ್ಲಿ ಲೂರ್ಡೆಸ್ ಹೆಸರನ್ನ ಅಕ್ಷರ ತಪ್ಪಿಲ್ಲದೆ ಬರೆದ್ರೆ ಸಾಕು."

ಹನ್ನೆರಡಾಗಿದೆ. ಇಮೊಜೆನ್ ಕಾರಿನಿಂದ ಇಳಿದಿಲ್ಲ, ಬೆಳಗಿನಿಂದ ಏನೂ ತಿಂದಂತಿಲ್ಲ. ಹೇಝಲ್ ವಿಶ್ರಾಂತಿ ಕೋಣೆಗೆ ಹೋಗಿ ಒಲೆಯ ಮೇಲೆ ಬಿಸಿಯಾಗುತ್ತಿದ್ದ ಗೋಮಾಂಸದ ಸಾರನ್ನು ಬಟ್ಟಲಿಗೆ ಬಗ್ಗಿಸುತ್ತಾರೆ. ಅದರ ಮೇಲೆ ತೇಲುವ ಹಿಟ್ಟಿನ ಉಂಡೆ ಎರಡು. ಗಾಳಿಗೆ ಆರದಿರಲೆಂದು ತಟ್ಟೆ ಮುಚ್ಚಿ, ಚಮಚವನ್ನು ಏಪ್ರನ್ನಿಗೆ ಒರೆಸಿ ಅಂಗಳ ದಾಟುತ್ತಾರೆ. ಕಾರಿನ ಕಿಟಕಿಯೊಳಗೆ ಬಟ್ಟಲು ಚಾಚಿ, ಹುಡುಗಿಯ ಎರಡೂ ಕೈ ಅದನ್ನು ಹಿಡಿಯುವವರೆಗೆ ಬಿಡದೆ ನಿಂತಿರುತ್ತಾರೆ.