ನೇರಳೆ ಹರಳು ಹಳದಿಯಾದದ್ದು

ನಮ್ಮವರನ್ನು ಬಜಾರಿನಲ್ಲಿ ಎಲ್ಲರೂ ಚಿಮಟಣ್ಣ ಎಂದೇ ಕರೆಯುವುದು. ಉಂಗುರಕ್ಕೆ ಹರಳು ಕೂರಿಸುವ ಕೆಲಸ ಅವರದು. ಎರಡೂ ಕೈಗೆ ಕೆಲಸವಿದ್ದಾಗ ಹರಳು ಹಿಡಿಯುವ ಸಣ್ಣ ಚಿಮಟವನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಾರೆ. ಹಾಗೆ ಕಚ್ಚಿಕೊಂಡವರು ಮಾತಾಡುವುದಾದರೂ ಹೇಗೆ? ‘ಹೂಂ’, ಇಲ್ಲವೇ ‘ಉಹೂಂ’, ಅಲ್ಲಿಗೆ ಮಾತು ಮುಗಿಯಿತು. ಹೊಸದರಲ್ಲಿ ನಾನು, “ರೀ, ನಾನು ಕಟ್ಟಿಕೊಂಡಿದ್ದು ನಿಮ್ಮನ್ನೋ ನಿಮ್ಮ ಚಿಮಟಾನೋ?” ಎಂದು ಕೇಳಿದ್ದೆ. ಅದಕ್ಕೂ ‘ಹೂಂ’ ಎಂದಿದ್ದರು ಪುಣ್ಯಾತ್ಮರು. ಊಟಕ್ಕೆ ಕೂತಾಗ ಬಾಯಲ್ಲಿ ಚಿಮಟ ಇರುತ್ತಿರಲಿಲ್ಲ ನಿಜ. ಆದರೆ ಬಾಯಿಗೆ ಅದೇ ರೂಢಿಯಾಗಿಬಿಟ್ಟಿತ್ತು.

ಅವರ ಕೋಣೆ ನಮ್ಮ ಮನೆಯ ಮೆಟ್ಟಿಲ ಕೆಳಗಿದೆ. ಎದ್ದು ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಒಂದು ಮೇಜು, ಉದುರಿದ ಚಿನ್ನದ ಪುಡಿ ನೆಲಕ್ಕೆ ಬೀಳದಂತೆ ಅದರ ಅಂಚಿಗೆ ಹೊಡೆದ ಚರ್ಮ, ಕತ್ತು ಬಗ್ಗಿಸಿದ ದೀಪ, ಮೂಲೆಯಲ್ಲಿ ಇದ್ದಿಲ ಒಲೆ. ಮೇಜಿನ ಖಾನೆಯಲ್ಲಿ ಒಂದು ಬೆಂಕಿಪೊಟ್ಟಣ. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ನೇರಳೆ ಹರಳು ಇತ್ತು. ನನ್ನ ಅತ್ತೆಯ ಉಂಗುರದ್ದು. ಉಂಗುರ ಸವೆದು ತುಂಡಾಗಿತ್ತು, ಹರಳು ಉಳಿದಿತ್ತು.

ಅತ್ತೆಯನ್ನು ನಾನು ನೋಡಿಲ್ಲ. ಅವರು ಹೋದಾಗ ನನ್ನ ನಾದಿನಿ ಇನ್ನೂ ಚಿಕ್ಕವಳು. ಅವಳನ್ನು ತಲೆ ಮೇಲೆ ಕೂರಿಸಿಕೊಂಡು ಸಾಕಿದ್ದು ಅಣ್ಣನೇ. ಅವಳು ಹಟ ಮಾಡಿ ಅತ್ತಾಗಲೆಲ್ಲ ಅವರು ಬೆಂಕಿಪೊಟ್ಟಣ ತೆಗೆದು ಹರಳನ್ನು ಅವಳ ಕೈಗೆ ಕೊಡುತ್ತಿದ್ದರಂತೆ. ಅದನ್ನು ಕಣ್ಣಿಗೆ ಒತ್ತಿ ಹಿಡಿದು ದೀಪ ನೋಡುವುದು ಅವಳ ಆಟ. ಒಳಗೆ ಹಕ್ಕಿಯ ಕಾಲಿನ ಹಾಗೆ ಮೂರು ಕವಲಿನ ಒಂದು ಬಿರುಕು. ಹರಳಿನ ವ್ಯಾಪಾರಿಗಳು ನೋಡಿದರೆ ಮೂಗು ಮುರಿಯುತ್ತಾರೆ. ಇವಳಿಗೆ ಮಾತ್ರ ಅದೇ ಚೆಂದ.

ನಾದಿನಿಗೆ ಮದುವೆ ಗೊತ್ತಾಯಿತು. ಹುಡುಗ ಪ್ರೆಸ್ಸಿನಲ್ಲಿ ಯಂತ್ರ ನೋಡಿಕೊಳ್ಳುವವನು, ಒಳ್ಳೆಯವನು, ಎಷ್ಟು ತೊಳೆದರೂ ಬೆರಳಿನ ಮಸಿ ಹೋಗುತ್ತಿರಲಿಲ್ಲ. ನಿಶ್ಚಿತಾರ್ಥದ ಉಂಗುರ ಆರಿಸಲು ಇಬ್ಬರೂ ಮೆಟ್ಟಿಲ ಕೆಳಗೆ ಒತ್ತೊತ್ತಾಗಿ ಕೂತರು. ನಮ್ಮವರು ಹರಳಿನ ತಟ್ಟೆ ಮುಂದಿಟ್ಟರು. ಹುಡುಗ ಹಳದಿ ಸಿಟ್ರಿನ್ ಹರಳಿನ ಮೇಲೆ ಬೆರಳಿಟ್ಟ.

“ಇದು ನಿನ್ನ ಕೈಗೆ ಒಪ್ಪುತ್ತೆ. ಬಿಸಿಲಿನ ಹಾಗಿದೆ.”

ನಾದಿನಿ ಅಣ್ಣನ ಮುಖ ನೋಡಿದಳು. ಖಾನೆಯನ್ನೂ ನೋಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ, ನನ್ನ ಕಡೆಗೂ ಒಮ್ಮೆ ನೋಡಿದಳು. ಆಮೇಲೆ, “ಸರಿ ಅಣ್ಣ, ಹಳದೀನೇ ಇರಲಿ” ಎಂದಳು.

ಚಿಮಟ ಕಚ್ಚಿಕೊಂಡಿದ್ದ ಅಣ್ಣ ‘ಹೂಂ’ ಎಂದರು.

ಬಜಾರಿನಲ್ಲಿ ಸಿಗುವ ಹಳದಿ ಸಿಟ್ರಿನ್‌ಗಳಲ್ಲಿ ಬಹುಪಾಲು ಹುಟ್ಟಾ ಹಳದಿಯಲ್ಲ. ನೇರಳೆ ಹರಳನ್ನು ಮರಳಿನಲ್ಲಿ ಹೂತು ನಿಧಾನವಾಗಿ ಕಾಯಿಸಿದರೆ ಅದು ಹಳದಿಗೆ ತಿರುಗುತ್ತದೆ. ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ನಮ್ಮವರ ತಲೆಗೆ ಹೊಳೆದದ್ದು ಇದೇ. ತಂಗಿಗೆ ಹಳದಿ ಬೇಕು, ಅಮ್ಮನದು ನೇರಳೆ. ಎಲ್ಲಿಂದಲೋ ಬಂದ ಹರಳು ಯಾಕೆ, ಅಮ್ಮನ ಹರಳೇ ಹಳದಿಯಾಗಿ ಅವಳ ಬೆರಳಿಗೆ ಬರಲಿ ಎಂದುಕೊಂಡರು. ಯೋಚನೆಯಲ್ಲಿ ತಪ್ಪು ಹುಡುಕುವುದಕ್ಕೆ ನನ್ನಿಂದ ಇವತ್ತಿಗೂ ಆಗುವುದಿಲ್ಲ. ಒಂದು ಮಾತು ಕೇಳಬೇಕಿತ್ತು, ಅಷ್ಟೇ.

ಆ ಮಧ್ಯಾಹ್ನ ಇದ್ದಿಲ ವಾಸನೆ ಮನೆಯೆಲ್ಲ ತುಂಬಿತು. ನಾನು ಇಳಿದು ಹೋಗಿ, “ಏನ್ರೀ ಬೇಯಿಸ್ತಾ ಇದ್ದೀರಿ? ನನ್ನ ಅಡುಗೆ ರುಚಿಸ್ತಿಲ್ವಾ?” ಎಂದೆ. ಒಲೆಯ ಮೇಲೆ ಮರಳು ತುಂಬಿದ ಮಣ್ಣಿನ ಕುಡಿಕೆ ಇತ್ತು. ಅವರು ಕಣ್ಣಲ್ಲೇ ನಕ್ಕು ‘ಹೂಂ’ ಎಂದರು. ಮಗುವಿಗೆ ಗೊಂಬೆ ಬಚ್ಚಿಟ್ಟವರ ನಗು ಅದು.

ನಿಶ್ಚಿತಾರ್ಥದ ಬೆಳಿಗ್ಗೆ ನಾದಿನಿಗೆ ಜಡೆ ಹೆಣೆಯುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಅವಳು ಮೆಲ್ಲಗೆ ಅಂದಳು:

“ಅತ್ತಿಗೆ, ಒಂದು ಕೇಳ್ಲಾ? ಅಮ್ಮನ ಹರಳು ಈ ಮನೆ ಸೊಸೆಗೆ ಸೇರಬೇಕಾದ್ದು, ನನಗೆ ಬೇಡ. ಇವತ್ತೊಂದು ದಿನ ಕೊಡಿ. ಅದರಲ್ಲಿ ದೀಪ ಹೇಗೆ ಕಾಣುತ್ತೆ ಅಂತ ಕೈ ಹಿಡಿಯೋರಿಗೆ ತೋರಿಸಿ ವಾಪಸ್ ಕೊಡ್ತೀನಿ.”

“ಹುಚ್ಚಿ, ನನಗ್ಯಾಕೆ ಅದು? ನೀನೇ ಇಟ್ಕೋ. ಆವತ್ತೇ ಬಾಯಿಬಿಟ್ಟು ಹೇಳೋಕೇನಾಗಿತ್ತು?” ಎಂದು ಗದರಿದೆ. ಅವಳ ಮುಖ ಅರಳಿತು. ನಾನು ಓಡಿಹೋಗಿ ಖಾನೆ ಎಳೆದೆ. ಬೆಂಕಿಪೊಟ್ಟಣದಲ್ಲಿ ಬರೀ ಹತ್ತಿ. ನನಗೆ ಆಗಲೂ ತಿಳಿಯಲಿಲ್ಲ. ಅವರೇ ಎಲ್ಲೋ ಎತ್ತಿಟ್ಟಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಹುಡುಗನ ಕಡೆಯವರು ಬಂದರು.

ಹುಡುಗ ಉಂಗುರ ತೊಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾದಿನಿ ನಗುತ್ತಾ ಕೈಯನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ನಗು ಅಲ್ಲೇ ನಿಂತಿತು. ಹಳದಿಯ ಒಳಗೆ ಹಕ್ಕಿಯ ಕಾಲು ಇತ್ತು.

“ಅಣ್ಣ, ಇದು ಅಮ್ಮಂದಾ?”

ಅಣ್ಣ ಉಬ್ಬಿಹೋದರು. ಅವಳು ಕಂಡುಹಿಡಿಯಲಿ ಎಂದೇ ಕಾದಿದ್ದವರು. “ಹೂಂ ಪುಟ್ಟಿ, ಅಮ್ಮಂದೇ! ನಿನಗೆ ಹಳದಿ ಬೇಕಿತ್ತಲ್ಲ, ಕಾಯಿಸಿದೆ” ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದದ್ದು ನಾನು ಕೇಳಿದ್ದೇ ಕಡಿಮೆ.

“ನೇರಳೆ ಬಣ್ಣ ಮತ್ತೆ ಬರುತ್ತಾ?”

ಅವರು ಅವಳ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಎಲ್ಲವೂ ಇತ್ತು ಅಂತ ಕಾಣುತ್ತದೆ. ‘ಉಹೂಂ’ ಎಂದು ತಲೆಯಾಡಿಸಿದರು. ನಾದಿನಿ ತಕ್ಷಣ, “ತುಂಬಾ ಚೆನ್ನಾಗಿದೆ ಅಣ್ಣ” ಎಂದು ಅವರ ಕೈ ಹಿಡಿದಳು. ಅವಳ ಕಣ್ಣು ತುಂಬಿತ್ತು. ಬಂದವರೆಲ್ಲ ಅದನ್ನು ಸಂತೋಷ ಎಂದುಕೊಂಡರು.

ಆವತ್ತಿನಿಂದ ನಮ್ಮವರು ಬದಲಾದರು. ಗಿರಾಕಿ ಬಂದರೆ ಮೊದಲು ಬಾಯಿಂದ ಚಿಮಟ ತೆಗೆಯುತ್ತಾರೆ. “ಇದೇ ಬಣ್ಣ ಬೇಕಾ? ನಿಮಗೇ ಇಷ್ಟಾನಾ, ಅವರು ಹೇಳಿದ್ರು ಅಂತಾನಾ? ಮನೇಲಿ ಹಳೇದೇನಾದ್ರೂ ಇದೆಯಾ?” ಎಂದು ಪ್ರಾಣ ತಿನ್ನುತ್ತಾರೆ. “ಉಂಗುರ ಮಾಡಿಸೋಕೆ ಬಂದಿದ್ದೀವೋ ಸಾಕ್ಷಿ ಹೇಳೋಕೋ?” ಎಂದು ಗಿರಾಕಿಗಳು ನಗುತ್ತಾರೆ. ನಾನು ನಗುವುದಿಲ್ಲ. ಇಷ್ಟೆಲ್ಲ ಮಾತು ಇವರೊಳಗೇ ಇತ್ತಲ್ಲ!

ವರ್ಷಗಳು ಕಳೆದ ಮೇಲೆ, ಮೊನ್ನೆ, ನಾದಿನಿ ಉಂಗುರ ತಂದಳು. ಹರಳು ಸಡಿಲವಾಗಿತ್ತು. ನಮ್ಮವರು ಅದನ್ನು ಬಿಡಿಸಿ ಹತ್ತಿಯ ಮೇಲಿಟ್ಟರು. ಪಕ್ಕದಲ್ಲಿ ಇನ್ನೊಂದು ಪೊಟ್ಟಣ ಬಿಚ್ಚಿದರು. ಅದೇ ಅಳತೆಯ ನೇರಳೆ ಹರಳು, ಒಳಗೆ ಒಂದು ಬಿರುಕೂ ಇಲ್ಲ. ಇಂಥದ್ದಕ್ಕಾಗಿ ಎಷ್ಟು ಕಾಲ ಹುಡುಕಿದ್ದರೋ, ನನಗೂ ಹೇಳಿರಲಿಲ್ಲ.

“ಯಾವುದು ಕೂರಿಸಲಿ ಪುಟ್ಟಿ? ನಿನಗೆ ಬೇಕಾದ್ದು ಹೇಳು.”

ಅವಳು ನೇರಳೆ ಹರಳನ್ನು ಕಣ್ಣಿಗೆ ಹಿಡಿದು ದೀಪ ನೋಡಿದಳು. ಬಹಳ ಹೊತ್ತು ನೋಡಿ ಕೆಳಗಿಟ್ಟಳು.

“ಹಳೇದೇ ಕೂರಿಸು ಅಣ್ಣ. ಅಮ್ಮಂದು ಅಂತ ಉಳಿದಿರೋದು ಅದೊಂದೇ.”

ಅವರು ಹಳದಿ ಹರಳನ್ನು ಉಂಗುರದಲ್ಲಿಟ್ಟು, ಪುಟ್ಟ ಕೊಕ್ಕೆಗಳನ್ನು ಒಂದೊಂದಾಗಿ ಒತ್ತಿದರು. ಬಾಯಲ್ಲಿ ಚಿಮಟ ಇರಲಿಲ್ಲ. ಆದರೂ ‘ಹೂಂ’ ಎಂದರು, ಅಷ್ಟೇ.